ತೆರೆಯದ ಪೆಟ್ಟಿಗೆಯಲ್ಲಿ ನನ್ನದೊಂದು ಚೀಟಿ

ಹೋದ ತಿಂಗಳು ಫುಕುವೋಕಾದಿಂದ ಮೇಘನಾ ಫೋನು ಮಾಡಿದ್ದಳು. ಮೈಸೂರಿನ ಹುಡುಗಿ, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಜನಮತ ಸಂಗ್ರಹದ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. ಬಂದು ಎರಡು ವರ್ಷವಾಯಿತು, ಇನ್ನೂ ಒಬ್ಬ ಮತದಾರನನ್ನೂ ಎದುರಿಗೆ ಕೂತು ಮಾತಾಡಿಸಿಲ್ಲ. ಕೊರೋನಾ ಬಿಟ್ಟರೆ ತಾನೆ? ಅವಳ ಕೆಲಸವೆಲ್ಲ ಕಂಪ್ಯೂಟರಿನ ಪರದೆಯ ಮೇಲೆ.

“ಆಂಟಿ, ನೀವೆಲ್ಲ ಆಗ ನಿಜವಾಗ್ಲೂ ಡೋರ್ ಟು ಡೋರ್ ಹೋಗ್ತಿದ್ರಾ? ಜನ ಬಾಗಿಲು ತೆಗೀತಿದ್ರಾ?”

“ತೆಗೀತಿದ್ರಮ್ಮ. ಕೆಲವರು ಕೂರಿಸಿ ಟೀ ಕೊಡ್ತಿದ್ರು.”

“ಸೀರಿಯಸ್ಲಿ? ಹಾಗಾದ್ರೆ ಪ್ಲೀಸ್ ಬರೆದಿಡಿ ಆಂಟಿ. ನಮ್ಮ ಲ್ಯಾಬಲ್ಲಿ ಇದು ಯಾರಿಗೂ ಗೊತ್ತೇ ಇಲ್ಲ.”

ಅದಕ್ಕೇ ಕೂತಿದ್ದೇನೆ. ಈ ಕೆಲಸಕ್ಕೆ ಈಗ ಬರುತ್ತಿರುವವರಿಗೆ ಉಪಯೋಗವಾದರೆ ಸಂತೋಷ, ಆಗದಿದ್ದರೂ ನನಗೆ ಹೇಳಿಕೊಂಡ ಸಮಾಧಾನ. ಬಡ್ತಿಯ ಕಥೆಯನ್ನು ಮೊದಲೇ ಮುಗಿಸಿಬಿಡುತ್ತೇನೆ. ಸಹಾಯಕ ಸಮೀಕ್ಷಕಿಯಾಗಿ ಸೇರಿದೆ, ಹಿರಿಯ ಸಮೀಕ್ಷಕಿಯಾಗಿ ಹೊರಬಿದ್ದೆ. ನಡುವೆ ಒಂದು ಸಲ ಕುರ್ಚಿ ಬದಲಾಯಿಸಿ ಕೊಟ್ಟರು. ಇನ್ನು ಕೆಲಸದ ಮಾತು.

ನನ್ನ ಗಂಡ ಶ್ರೀಕಂಠ ಲೋಹಗಳ ಮೇಲೆ ಸಂಶೋಧನೆ ಮಾಡಲು ಒಸಾಕಾಕ್ಕೆ ಬಂದವರು. ಅವರ ಹಿಂದೆ ನಾನು ಬಂದೆ. ಬೆಂಗಳೂರಿನಲ್ಲಿ ರಾಜ್ಯಶಾಸ್ತ್ರದಲ್ಲಿ ಎಂಎ ಮಾಡಿದ್ದೆ, ಇಲ್ಲಿ ತರಕಾರಿ ಅಂಗಡಿಯಲ್ಲಿ ನಿಂತು ನಿಂತು ಜಪಾನೀ ಭಾಷೆ ಕಲಿತೆ. ಹಾಗಾಗಿ ಮುದುಕಿಯರ ಭಾಷೆ ನನಗೆ ಚೆನ್ನಾಗಿ ಬಂತು, ಪ್ರೊಫೆಸರುಗಳ ಭಾಷೆ ಬರಲಿಲ್ಲ. ಕೆಲಸ ಸಿಕ್ಕಿದ್ದೇ ಆ ಕಾರಣಕ್ಕೆ. ವಿಶ್ವವಿದ್ಯಾಲಯದ ಮೂರನೆಯ ಮಹಡಿಯ ಒಂದು ಕೋಣೆಯಲ್ಲಿ ಕಿಶಿಮೊತೊ-ಸಾನ್ (ಸಾನ್ ಎಂದರೆ ನಮ್ಮ ‘ಅವರು’ ಇದ್ದ ಹಾಗೆ) ಎಂಬುವರು ಊರೂರಿನ ಜನಮತ ಸಂಗ್ರಹಗಳನ್ನು ಅಧ್ಯಯನ ಮಾಡುತ್ತಿದ್ದರು. ಮನೆಮನೆಗೆ ಹೋಗಿ ಮುದುಕಿಯರನ್ನು ಮಾತಾಡಿಸಬಲ್ಲವರು ಅವರಿಗೆ ಬೇಕಾಗಿತ್ತು.

ಜಪಾನಿನಲ್ಲಿ ಇಡೀ ದೇಶವನ್ನು ಒಂದು ಪ್ರಶ್ನೆ ಕೇಳಿದ್ದು ಇವತ್ತಿನವರೆಗೂ ಇಲ್ಲ. ಕೇಳುವುದೆಲ್ಲ ಊರುಗಳಲ್ಲಿ. ನಮ್ಮೂರು ಪಕ್ಕದ ಊರಿನ ಜೊತೆ ಸೇರಬೇಕೇ, ಕಸದ ಗುಂಡಿ ಇಲ್ಲಿ ಬರಬೇಕೇ, ಹೊಸ ಕಚೇರಿ ಬೇಕೇ. ಪ್ರತಿನಿಧಿಗಳನ್ನು ಆರಿಸಿದ ಮೇಲೂ ಈ ಒಂದು ವಿಷಯವನ್ನು ನಮ್ಮನ್ನೇ ಕೇಳಿ ಎಂದು ಜನ ಸಹಿ ಹಾಕಿ ಕೊಡುತ್ತಾರೆ. ಊರಿನ ಪೌರಸಭೆ ಒಪ್ಪಿದರೆ ಮತದಾನ ನಡೆಯುತ್ತದೆ. ಫಲಿತಾಂಶವನ್ನು ಮೇಯರ್ ಪಾಲಿಸಲೇಬೇಕೆಂದೇನೂ ಇಲ್ಲ, ಗೌರವಿಸಬೇಕು ಎಂದಷ್ಟೇ ಬರೆದಿರುತ್ತದೆ. ಅಷ್ಟಾದರೂ ಜನ ಆಸೆಯಿಂದ ಬರುತ್ತಾರೆ. ಆ ಆಸೆಯನ್ನು ನಾನು ಮೂವತ್ತು ವರ್ಷ ಹತ್ತಿರದಿಂದ ನೋಡಿದ್ದೇನೆ.

ಕಿಶಿಮೊತೊ-ಸಾನ್‌ಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಇನ್ನೂ ತಗ್ಗುತ್ತಿತ್ತು. ಕಿವಿಗೊಟ್ಟು ಕೇಳುವ ಹಾಗಾದರೆ ಗ್ರಹಚಾರ ಕೆಟ್ಟಿದೆ ಎಂದು ಅರ್ಥ. ಮೊದಲ ದಿನವೇ ಮೂರು ನಿಯಮ ಹೇಳಿದ್ದರು. ಬಾಗಿಲಲ್ಲಿ ಎಷ್ಟು ಜೊತೆ ಚಪ್ಪಲಿ ಇದೆ ನೋಡಿಕೊಳ್ಳಿ, ಒಳಗೆ ಎಷ್ಟು ಜನ ಇದ್ದಾರೆಂದು ತಿಳಿಯುತ್ತದೆ. ಉತ್ತರವನ್ನು ಪೆನ್ಸಿಲಿನಲ್ಲೇ ಬರೆಯಿರಿ, ಜನರಿಗೆ ಮನಸ್ಸು ಬದಲಾಯಿಸುವ ಹಕ್ಕಿದೆ. ಮೂರನೆಯದು, ನಿಮ್ಮ ಅಭಿಪ್ರಾಯವನ್ನು ಮನೆಯಲ್ಲಿಟ್ಟು ಬನ್ನಿ, ಮುಖದಲ್ಲಿ ತರಬೇಡಿ.

ಮೊದಲೆರಡು ಸುಲಭವಾಗಿ ಬಂದವು. ಮೂರನೆಯದರಲ್ಲಿ ನಾನು ಮುಗ್ಗರಿಸಿದ ಕಥೆಯನ್ನು ಕೇಳಿ. ಬೆಟ್ಟದ ತಪ್ಪಲಿನ ಒಂದು ಊರಿಗೆ ಕಳಿಸಿದ್ದರು. ಬಾಗಿಲು ತಟ್ಟಿ, “ಸುಮಿಮಾಸೆನ್, ನಿಮ್ಮ ಎರಡು ನಿಮಿಷ ತೆಗೆದುಕೊಳ್ಳಬಹುದೇ? ಹೆಸರು ಬರೆದುಕೊಳ್ಳುವುದಿಲ್ಲ” ಎಂದು ಕೇಳುವುದು, ಅವರು ಹೇಳಿದ್ದನ್ನು ಕಾರ್ಡಿನಲ್ಲಿ ಬರೆದುಕೊಳ್ಳುವುದು. ಸುಮಿಮಾಸೆನ್ ಎಂದರೆ ಕ್ಷಮಿಸಿ. ನಾನೋ ಬಹಳ ಶ್ರದ್ಧೆಯಿಂದ ಕೇಳುತ್ತಿದ್ದೆ. ಆದರೆ ನಮ್ಮ ಕಡೆಯವರು ಕೇಳುವಾಗ ಕತ್ತು ಸುಮ್ಮನಿರುವುದಿಲ್ಲವಲ್ಲ. ಹೂಂ, ಹೇಳಿ ಹೇಳಿ ಎನ್ನುವ ಹಾಗೆ ಎಡಕ್ಕೂ ಬಲಕ್ಕೂ ತಾನೇ ತೂಗುತ್ತಿರುತ್ತದೆ. ಇಲ್ಲಿಯವರ ಕಣ್ಣಿಗೆ ಅದು ತಲೆಯಾಡಿಸಿ ನಿರಾಕರಿಸಿದ ಹಾಗೆ. ಬೇಕು ಎಂದು ಶುರು ಮಾಡಿದವರು ನನ್ನ ಕತ್ತು ನೋಡಿ, “ಅಂದರೆ... ಪೂರ್ತಿ ಬೇಕು ಅಂತೇನಲ್ಲ” ಎಂದು ಹಿಂದೆ ಸರಿದರು. ಬೇಡ ಎಂದವರೂ ಅಷ್ಟೇ. ಅವರ ಮಾತು ಇಷ್ಟವಾದಷ್ಟೂ ನಾನು ಜೋರಾಗಿ ತೂಗುತ್ತಿದ್ದೆ. ಒಂದು ಇಡೀ ಊರೇ ‘ಗೊತ್ತಿಲ್ಲ, ಹೇಳಲಾರೆ’ ಎಂಬ ಕಡೆಗೆ ಹೋಯಿತು.

ಕಿಶಿಮೊತೊ-ಸಾನ್ ಕಾರ್ಡುಗಳನ್ನು ನೋಡಿದರು, ಮಾರನೆಯ ದಿನ ನನ್ನ ಜೊತೆ ಒಂದು ಮನೆಗೆ ಬಂದು ಹಿಂದೆ ನಿಂತರು. ಹೊರಗೆ ಬಂದಾಗ ಅವರ ದನಿ ಕೇಳಿಸದಷ್ಟು ತಗ್ಗಿತ್ತು.

“ಸುಮಂಗಲಾ-ಸಾನ್, ಈ ಊರಿನ ಅಷ್ಟೂ ಕಾರ್ಡು ರದ್ದು. ಸೋಮವಾರದಿಂದ ನಾನು ಪೇಪರ್ ಓದುತ್ತೇನೆ, ನೀವು ಕೂತು ಕೇಳಿ. ಕತ್ತು ಅಲುಗಬಾರದು.”

ಒಂದು ತಿಂಗಳು ಹಾಗೇ ನಡೆಯಿತು. ಅವರು ಹವಾಮಾನ ವರದಿಯಿಂದ ಸಾವಿನ ಸುದ್ದಿಯವರೆಗೆ ಓದುವುದು, ನಾನು ಕಂಬದ ಹಾಗೆ ಕೂರುವುದು. ಮನೆಯಲ್ಲಿ ಭಾನುವಾರ ಶ್ರೀಕಂಠ ಸಾರು ಮಾಡಿ ಬಡಿಸಿ ನನ್ನನ್ನೇ ನೋಡುತ್ತಿದ್ದರು.

“ಏನೇ ಇದು, ಚೆನ್ನಾಗಿದ್ಯೋ ಇಲ್ವೋ ಮುಖ ನೋಡಿದ್ರೆ ಏನೂ ಗೊತ್ತಾಗಲ್ಲ. ಆ ಮನುಷ್ಯ ನಿನ್ನ ಹಾಳು ಮಾಡ್ದ.”

ನಾನು ನಕ್ಕೆ. ಆದರೆ ಆ ಕತ್ತು ಮತ್ತೆ ಮೊದಲಿನ ಹಾಗೆ ಆಡಲೇ ಇಲ್ಲ. ಬೆಂಗಳೂರಿಗೆ ಹೋದಾಗಲೂ ನೆಂಟರು, ಇವಳಿಗೆ ನಮ್ಮ ಮಾತು ರುಚಿಸುತ್ತಿಲ್ಲ ಎಂದುಕೊಂಡರು.

ಕೆಲಸದ ಒಂದು ಗುಟ್ಟನ್ನು ಈಗ ಹೇಳುತ್ತೇನೆ. ಇದು ಯಾವ ಪುಸ್ತಕದಲ್ಲೂ ಇಲ್ಲ. ಎರಡು ಊರುಗಳನ್ನು ಒಂದು ಮಾಡುವ ಮತದಾನಗಳು ಸಾಲುಸಾಲಾಗಿ ನಡೆಯುತ್ತಿದ್ದ ಕಾಲ. ಒಂದು ಮನೆಯಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಕೇಳಿದೆ. ಗಂಡ ಸೇರಬೇಕು ಎಂದ. ಪಕ್ಕದಲ್ಲಿ ಕೂತಿದ್ದ ಹೆಂಡತಿ, “ನನ್ನದೂ ಅದೇ” ಎಂದಳು. ವಂದಿಸಿ ಬಂದು ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಬಸ್ ತಡವಾಗಿತ್ತು. ಆಕೆ ಏಪ್ರನ್ನಿನಲ್ಲೇ ಓಡುತ್ತ ಬಂದಳು, ಕೈಯಲ್ಲಿ ಒಂದು ಕೊಡೆ, ನಾನು ಮರೆತು ಬಿಟ್ಟುಬಂದದ್ದಂತೆ. ಆ ಕೊಡೆ ನನ್ನದಾಗಿರಲಿಲ್ಲ.

“ಕಾರ್ಡು ಪೆನ್ಸಿಲಿನಲ್ಲಿ ಬರೆದಿರಲ್ಲ?” ಎಂದಳು.

“ಹೌದು.”

“ನನ್ನದನ್ನು ಅಳಿಸಿ. ಬೇಡ ಅಂತ ಬರೆಯಿರಿ. ಕೊಡೆ ನಿಮ್ಮದಲ್ಲದಿದ್ದರೆ ವಾಪಸ್ ಕೊಡಿ, ಅವರು ಕೇಳುತ್ತಾರೆ.”

ಅಂದಿನಿಂದ ನಾನು ಯಾವ ಊರಿಗೆ ಹೋದರೂ ಕೆಲಸ ಮುಗಿಸಿ ಹತ್ತು ನಿಮಿಷ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದೆ. ಬಸ್ ಬಂದರೂ ಒಂದನ್ನು ಬಿಡುತ್ತಿದ್ದೆ. ಎಷ್ಟೋ ಸಲ ಯಾರಾದರೂ ಬರುತ್ತಿದ್ದರು. ಗುಪ್ತ ಮತದಾನ ಎಂದರೆ ಸರ್ಕಾರದಿಂದ ಗುಪ್ತ ಎಂದು ಪುಸ್ತಕದಲ್ಲಿ ಓದಿದ್ದೆ. ಮನೆಯವರಿಂದ ಗುಪ್ತ ಎಂಬುದನ್ನು ಆ ನಿಲ್ದಾಣಗಳಲ್ಲಿ ಕಲಿತೆ. ಮೇಘನಾ, ನಿನ್ನ ಆನ್‌ಲೈನ್ ಫಾರ್ಮಿನಲ್ಲಿ ಆ ಹತ್ತು ನಿಮಿಷವನ್ನು ಎಲ್ಲಿ ಇಡುತ್ತೀಯೋ ಯೋಚಿಸು.

ಪ್ರಶ್ನೆ ಬರೆಯುವವರ ಬಗ್ಗೆಯೂ ಒಂದು ಮಾತು. ಒಂದು ಊರಿನಲ್ಲಿ ಮತಚೀಟಿಯ ಕರಡು ನಮಗೆ ನೋಡಲು ಬಂದಿತ್ತು. “ಮಕ್ಕಳ ಸುರಕ್ಷತೆಗಾಗಿ ಹೊಸ ಸಭಾಭವನ ಕಟ್ಟುವುದನ್ನು ನೀವು ಒಪ್ಪುತ್ತೀರಾ?” ಕಿಶಿಮೊತೊ-ಸಾನ್ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದರು. “ಇದಕ್ಕೆ ಬೇಡ ಎನ್ನುವವರು ಮಕ್ಕಳನ್ನು ಕಂಡರೆ ಆಗದವರು ಮಾತ್ರ,” ಎಂದರು. ದನಿ ಪಾತಾಳದಲ್ಲಿತ್ತು. ಪ್ರಶ್ನೆ ಕೇಳುವ ಅಧಿಕಾರ ಇರುವವರ ಕೈಯಲ್ಲಿ ಅರ್ಧ ಉತ್ತರ ಇರುತ್ತದೆ ಎಂದು ಅವರು ಆಗಾಗ ಹೇಳುತ್ತಿದ್ದರು. ಇನ್ನರ್ಧ ಎಲ್ಲಿರುತ್ತದೆ ಎಂದು ನನಗೆ ಗೊತ್ತಾಗಿದ್ದು ಆಮೇಲೆ.

ಕೆಲವು ಊರುಗಳಲ್ಲಿ ಒಂದು ನಿಯಮ ಮಾಡಿಕೊಂಡಿರುತ್ತಾರೆ. ಅರ್ಧದಷ್ಟು ಮತದಾರರು ಬರದಿದ್ದರೆ ಪೆಟ್ಟಿಗೆಯನ್ನು ತೆರೆಯುವುದೇ ಇಲ್ಲ. ಎಣಿಕೆ ಇಲ್ಲ, ಫಲಿತಾಂಶವೂ ಇಲ್ಲ. ಸ್ವಲ್ಪ ಜನ ಸೇರಿ ಊರಿಗೆಲ್ಲ ತೀರ್ಮಾನ ಮಾಡಬಾರದು ಎನ್ನುವುದು ಅದರ ಸಮರ್ಥನೆ. ತಪ್ಪೇನಲ್ಲ. ಆದರೆ ಸೋಲುವ ಭಯ ಇರುವವರಿಗೆ ಅದು ಒಳ್ಳೆಯ ದಾರಿ ತೋರಿಸುತ್ತದೆ. ವಾದ ಮಾಡಬೇಕಿಲ್ಲ, ಜನ ಮನೆಯಲ್ಲಿ ಉಳಿದರೆ ಸಾಕು.

ಅಂಥ ಒಂದು ಊರಿಗೆ ನಾವಿಬ್ಬರೂ ಹೋಗಿದ್ದೆವು. ಕಚೇರಿಯ ಉಗ್ರಾಣದಲ್ಲಿ, ಮಡಚುವ ಕುರ್ಚಿಗಳ ಪಕ್ಕ, ಮೊಹರು ಹಾಕಿದ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟಿದ್ದರು. ಕೆಲವು ದಿನ ಕಳೆದ ಮೇಲೆ ಸುಡುತ್ತಾರೆ ಎಂದು ಗುಮಾಸ್ತ ಹೇಳಿದ. ಒಳಗೆ ಸಾವಿರಾರು ಜನ ಬರೆದದ್ದು ಇತ್ತು. ಕಿಶಿಮೊತೊ-ಸಾನ್ ಟೋಪಿ ತೆಗೆದು ಆ ಪೆಟ್ಟಿಗೆಗಳಿಗೆ ಬಾಗಿ ನಮಸ್ಕಾರ ಮಾಡಿದರು. ತೀರಿಕೊಂಡವರ ಪಟದ ಮುಂದೆ ಮಾಡುವ ಹಾಗೆ. ರೈಲಿನಲ್ಲಿ ಬರುವಾಗ ಒಂದೇ ಮಾತು ಹೇಳಿದರು: “ಎಣಿಸಿ ಸೋತರೆ ಮನುಷ್ಯ ಸಹಿಸಿಕೊಳ್ಳುತ್ತಾನೆ, ಸುಮಂಗಲಾ-ಸಾನ್. ಓದದೆ ಸುಟ್ಟರೆ ಸಹಿಸುವುದು ಹೇಗೆ ಅಂತ ನನಗೆ ಗೊತ್ತಿಲ್ಲ.”

ಇಷ್ಟೆಲ್ಲ ಮಾಡಿದ ನಾನು ನಿವೃತ್ತಳಾಗುವವರೆಗೂ ಒಂದು ಮತವನ್ನೂ ಹಾಕಿದವಳಲ್ಲ. ಬೆಂಗಳೂರಿನಲ್ಲಿ ವಯಸ್ಸು ತುಂಬಿದ ಮೇಲೆ ಬಂದ ಮೊದಲ ಚುನಾವಣೆಗೆ ರೇಷ್ಮೆ ಸೀರೆ ಉಟ್ಟುಕೊಂಡು ಹೋಗಿದ್ದೆ. ನನ್ನ ಹೆಸರಿನಲ್ಲಿ ಆಗಲೇ ಯಾರೋ ಹಾಕಿ ಹೋಗಿದ್ದರು. “ಬೆಳಿಗ್ಗೆ ಬೇಗ ಬರ್ಬೇಕಮ್ಮ” ಎಂದು ಅಲ್ಲಿದ್ದವರು ನನಗೇ ಬುದ್ಧಿ ಹೇಳಿದರು. ಆಮೇಲೆ ಇಲ್ಲಿಗೆ ಬಂದೆ. ಪಾಸ್‌ಪೋರ್ಟ್ ಬದಲಾಯಿಸಲು ಮನಸ್ಸು ಬರಲಿಲ್ಲ. ಹೀಗಾಗಿ ಅಲ್ಲಿ ವಾಸವಿಲ್ಲ ಎಂದು ಅಲ್ಲಿ ಮತವಿಲ್ಲ, ಇಲ್ಲಿಯವಳಲ್ಲ ಎಂದು ಇಲ್ಲೂ ಇಲ್ಲ. ಮತ ಹಾಕಿ ಬರುವವರ ಮುಖದಲ್ಲಿ ಒಂದು ನಿಮಿಷ ಏನೋ ಇರುತ್ತದೆ. ಮೆಟ್ಟಿಲು ಇಳಿಯುವಷ್ಟರಲ್ಲಿ ಅದು ಹೋಗಿಬಿಡುತ್ತದೆ. ನಾನು ಅದನ್ನು ಸಾವಿರ ಮುಖಗಳಲ್ಲಿ ನೋಡಿ ಆಸೆಪಟ್ಟಿದ್ದೇನೆ.

ನಾನು ನಿವೃತ್ತಳಾದದ್ದು ಕೊರೋನಾದ ಮೊದಲ ವಸಂತದಲ್ಲಿ. ಬೀಳ್ಕೊಡುಗೆ ಕಂಪ್ಯೂಟರಿನಲ್ಲೇ ಆಯಿತು. ಎಲ್ಲರೂ ಪರದೆಯಲ್ಲಿ ಬಾಗಿದಾಗ ತಲೆಗಳು ಕಾಣಿಸದೆ ಖಾಲಿ ಗೋಡೆಗಳು ಕಂಡವು. ನನ್ನ ಮೇಜಿನ ಸಾಮಾನು ಕೊರಿಯರಿನಲ್ಲಿ ಮನೆಗೆ ಬಂತು, ಅದರೊಳಗೆ ಅರ್ಧ ತೇದ ಪೆನ್ಸಿಲುಗಳು. ಕಿಶಿಮೊತೊ-ಸಾನ್ ಎಷ್ಟೋ ವರ್ಷ ಮೊದಲೇ ನಿವೃತ್ತರಾಗಿ ವೃದ್ಧರ ಆರೈಕೆ ಕೇಂದ್ರದಲ್ಲಿದ್ದರು, ಅಲ್ಲಿಗೆ ಯಾರನ್ನೂ ಬಿಡುತ್ತಿರಲಿಲ್ಲ. ಶ್ರೀಕಂಠ ಫೆಬ್ರವರಿಯಲ್ಲಿ ಅಣ್ಣನ ಮಗಳ ಮದುವೆಗೆಂದು ಬೆಂಗಳೂರಿಗೆ ಹೋದವರು ಅಲ್ಲೇ ಸಿಕ್ಕಿಹಾಕಿಕೊಂಡಿದ್ದರು. ಮೊದಲು ವಿಮಾನ ಇಲ್ಲ ಎಂದರು, ಆಮೇಲೆ ಇಲ್ಲಿ ವಾಸವಿದ್ದವರಿಗೂ ಒಳಗೆ ಪ್ರವೇಶ ಇಲ್ಲ ಎಂದರು. ಯಾರಾದರೂ ಬಾಗಿಲು ತಟ್ಟಲಿ ಎಂದು ಕಾಯುವುದು ಏನೆಂದು ಆ ವರ್ಷ ನನಗೆ ತಿಳಿಯಿತು. ಮೂವತ್ತು ವರ್ಷ ನಾನು ಆಚೆ ಬದಿಯಲ್ಲಿ ನಿಂತಿದ್ದೆ.

ಆ ಶರತ್ಕಾಲದಲ್ಲಿ ಒಸಾಕಾ ನಗರ ತನ್ನನ್ನು ತಾನೇ ನಾಲ್ಕು ವಾರ್ಡುಗಳಾಗಿ ಒಡೆದುಕೊಳ್ಳಬೇಕೇ ಎಂದು ಎರಡನೆಯ ಸಲ ಜನರನ್ನು ಕೇಳಿತು. ಅದನ್ನು ಟಿವಿಯಲ್ಲಿ ನೋಡಿದೆ. ಅದರ ಬೆನ್ನಿಗೇ ನಮ್ಮೂರಿಗೂ ಮತದಾನ ಬಂತು. ನಮ್ಮದು ಒಸಾಕಾದಿಂದ ದಕ್ಷಿಣಕ್ಕೆ ಹೋಗುವ ಲೋಕಲ್ ರೈಲಿನ ಕೊನೆಯ ಕಡೆಗಿರುವ ಸಣ್ಣ ಊರು. ಊರಿನ ನಡುವೆ ಒಂದು ಕೆರೆ ಇದೆ. ಅದನ್ನು ಮುಚ್ಚಿ ಹೊಸ ಪೌರ ಕಚೇರಿ ಕಟ್ಟುವುದು ಮೇಯರರ ಯೋಜನೆ. ಜನ ಸಹಿ ಸಂಗ್ರಹಿಸಿದರು, ಸಭೆ ಒಪ್ಪಿತು. ಇಲ್ಲೇ ನೆಲೆಸಿರುವ ವಿದೇಶಿಯರಿಗೂ ಮತ ಕೊಡಬೇಕು ಎಂದು ಸೇರಿಸಿದರು. ಕೊನೆಯ ಗಳಿಗೆಯಲ್ಲಿ ಇನ್ನೊಂದು ಸಾಲು ಸೇರಿತು. ಅರ್ಧದಷ್ಟು ಜನ ಬರದಿದ್ದರೆ ಪೆಟ್ಟಿಗೆ ತೆರೆಯುವಂತಿಲ್ಲ.

ನಾನು ಹುಟ್ಟಿ ಬೆಳೆದ ಬೀದಿ ಬೆಂಗಳೂರಿನ ಒಂದು ಕೆರೆ ಏರಿಯ ಪಕ್ಕದಲ್ಲಿತ್ತು. ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ಕೆರೆ ಹೋಗಿ ಬಸ್ ನಿಲ್ದಾಣ ಬಂತು. ಬೀದಿಗೆ ಮಾತ್ರ ಏರಿ ಬೀದಿ ಎಂಬ ಹೆಸರೇ ಉಳಿಯಿತು. ಯಾರೂ ಯಾರನ್ನೂ ಕೇಳಲಿಲ್ಲ, ಕೇಳಬೇಕಿತ್ತು ಎಂದು ನಮಗೂ ಹೊಳೆಯಲಿಲ್ಲ. ಈಗ ನನ್ನ ಅರವತ್ತೈದನೆಯ ವಯಸ್ಸಿನಲ್ಲಿ, ಸಾವಿರಾರು ಮೈಲಿ ದೂರದಲ್ಲಿ, ಒಂದು ಕೆರೆಯ ಬಗ್ಗೆ ನಿನಗೇನನ್ನಿಸುತ್ತದೆ ಎಂದು ಒಂದು ಊರು ನನ್ನನ್ನು ಕೇಳುತ್ತಿತ್ತು. ಮತದಾನದ ಕಾರ್ಡು ಬಂದ ದಿನ ಅದನ್ನು ದೇವರ ಮುಂದೆ ಇಟ್ಟೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಅತ್ತುಬಿಟ್ಟೆ.

ಎರಡು ಕಾರ್ಡು ಬಂದಿದ್ದವು. ಫೋನಿನಲ್ಲಿ ಶ್ರೀಕಂಠರಿಗೆ ಹೇಳಿದೆ.

“ನನ್ನದೂ ನೀನೇ ಹಾಕ್ಬಿಡೇ, ಯಾರಿಗೆ ಗೊತ್ತಾಗತ್ತೆ,” ಎಂದು ತಮಾಷೆ ಮಾಡಿದರು.

“ನನ್ನ ವೋಟ್ ಯಾರೋ ಹಾಕಿದ್ದು ಸಾಲ್ದಾ? ನೀವು ಬಂದು ಹಾಕಿ.”

“ಬಿಟ್ರೆ ಇವತ್ತೇ ಬರ್ತೀನಿ. ಕೆರೆ ಹತ್ರ ಈ ಸಲಾನೂ ಬಾತುಕೋಳಿ ಬಂದಿದ್ಯಾ?”

“ಬಂದಿದೆ.”

ಫೋನು ಇಟ್ಟೆ. ಅವರ ಕಾರ್ಡನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ.

ಪಕ್ಕದ ಮನೆಯ ಒಕುನೊ-ಸಾನ್‌ಗೆ ಎಂಬತ್ತರ ಹತ್ತಿರ. ಒಬ್ಬರೇ ಇರುತ್ತಾರೆ. ಆ ಕೆರೆಯ ತೂಬು ನೋಡಿಕೊಳ್ಳುತ್ತಿದ್ದದ್ದು ಅವರ ಮಾವ, ಆಮೇಲೆ ಗಂಡ. ತೂಬಿನ ಕಬ್ಬಿಣದ ಕೀಲಿ ಇನ್ನೂ ಅವರ ಅಡಿಗೆಮನೆಯಲ್ಲಿ ನೇತಾಡುತ್ತದೆ. ಆ ವರ್ಷವೆಲ್ಲ ಅವರು ನನ್ನ ಬಾಗಿಲಲ್ಲಿ ಮೂಲಂಗಿ ಇಟ್ಟು ಹೋಗುತ್ತಿದ್ದರು, ನಾನು ಅವರ ಬಾಗಿಲಲ್ಲಿ ನಿಂಬೆಹಣ್ಣಿನ ಚಿತ್ರಾನ್ನ ಇಡುತ್ತಿದ್ದೆ. ಮಾತು ಬೇಲಿಯ ಮೇಲಿಂದ, ಮಾಸ್ಕು ಹಾಕಿಕೊಂಡು.

ಮತದಾನಕ್ಕೆ ಮೂರು ದಿನ ಇರುವಾಗ ಒಂದು ಕರಪತ್ರ ಮನೆಮನೆಗೆ ಬಂತು. ಸೋಂಕು ಹೆಚ್ಚುತ್ತಿದೆ, ಹಿರಿಯರು ಅನಗತ್ಯವಾಗಿ ಹೊರಗೆ ಓಡಾಡಬೇಡಿ, ಮನೆಯಲ್ಲಿರುವುದೂ ಊರಿಗೆ ಮಾಡುವ ಸೇವೆ ಎಂದು ಬರೆದಿತ್ತು. ಮತದಾನದ ಮಾತೇ ಅದರಲ್ಲಿರಲಿಲ್ಲ. ಇರಬೇಕಾಗಿಯೂ ಇರಲಿಲ್ಲ. ಒಕುನೊ-ಸಾನ್ ಅದನ್ನು ಹಿಡಿದು ಬೇಲಿಯ ಹತ್ತಿರ ಬಂದರು.

“ಸುಮಂಗಲಾ-ಸಾನ್, ನಿಮಗೆ ಈ ಮತದಾನದ ವಿಷಯ ಎಲ್ಲ ಗೊತ್ತು. ನಾನು ಹೋಗಬೇಕಾ? ಮಗ ಫೋನು ಮಾಡಿ ಬೇಡ ಅಂತಾನೆ. ನಾನೊಬ್ಬಳು ಹೋಗದಿದ್ದರೆ ಏನಾದರೂ ವ್ಯತ್ಯಾಸ ಆಗುತ್ತದಾ?”

ಅವರ ಕಣ್ಣು ನನ್ನ ಮುಖದ ಮೇಲಿತ್ತು. ನನ್ನ ಕತ್ತು ಬಿಗಿಯಾಯಿತು. ಮೂವತ್ತು ವರ್ಷದ ಅಭ್ಯಾಸ ಎದ್ದು ನಿಂತು ನನ್ನ ಬದಲಿಗೆ ಮಾತಾಡಿತು.

“ಅದು ನೀವೇ ತೀರ್ಮಾನ ಮಾಡಬೇಕು, ಒಕುನೊ-ಸಾನ್.”

“ಹೌದಲ್ಲ,” ಎಂದು ತಲೆಬಾಗಿ ಅವರು ಒಳಗೆ ಹೋದರು.

ಹೋಗಿ ಎಂದು ಹೇಳಬಾರದಿತ್ತು, ಸರಿ. ಬೇಡ ಎಂದು ಹಾಕಿ ಎಂದಂತೂ ಹೇಳಲೇಬಾರದಿತ್ತು. ಆದರೆ ಅರ್ಧ ಜನ ಬರದಿದ್ದರೆ ಪೆಟ್ಟಿಗೆ ತೆರೆಯುವುದಿಲ್ಲ, ಮನೆಯಲ್ಲಿ ಉಳಿಯುವುದೂ ಇಲ್ಲಿ ಒಂದು ಮತವೇ ಎಂದು ಹೇಳಬಹುದಿತ್ತು. ಅದು ಊರಿನ ನಿಯಮ, ನನ್ನ ಅಭಿಪ್ರಾಯವಲ್ಲ. ನಿಯಮ ತಿಳಿಸುವುದಕ್ಕೂ ಅಭಿಪ್ರಾಯ ಹೇಳುವುದಕ್ಕೂ ಇರುವ ವ್ಯತ್ಯಾಸವನ್ನು ನಾನೇ ಎಷ್ಟೋ ಹೊಸಬರಿಗೆ ಪಾಠ ಮಾಡಿದ್ದೆ. ಆ ಒಂದು ನಿಮಿಷದಲ್ಲಿ ನನಗೇ ಅದು ನೆನಪಾಗಲಿಲ್ಲ. ನನ್ನ ವೃತ್ತಿಯ ಅತಿ ದೊಡ್ಡ ತಪ್ಪನ್ನು ನಾನು ಮಾಡಿದ್ದು ನಿವೃತ್ತಿಯಾದ ಮೇಲೆ.

ಮತದಾನ ಶಾಲೆಯ ವ್ಯಾಯಾಮಶಾಲೆಯಲ್ಲಿತ್ತು. ಕೈಗೆ ಸ್ಯಾನಿಟೈಸರ್ ಹಾಕಿದರು, ನೆಲದ ಮೇಲೆ ಟೇಪಿನ ಗೆರೆಗಳು, ಸ್ವಂತ ಪೆನ್ಸಿಲ್ ತರಬಹುದು ಎಂದಿದ್ದರು. ಕೊರಿಯರಿನಲ್ಲಿ ಬಂದ ಆ ಪೆನ್ಸಿಲುಗಳಲ್ಲಿ ಒಂದನ್ನು ಒಯ್ದಿದ್ದೆ. ಚೀಟಿಯಲ್ಲಿ ಎರಡು ಚೌಕ ಮನೆ, ಕೆರೆ ಮುಚ್ಚುವುದು ಬೇಕು, ಬೇಡ. ಒಪ್ಪುವ ಮನೆಯಲ್ಲಿ ಒಂದು ಸೊನ್ನೆ ಸುತ್ತಬೇಕು. ಬೇಡ ಎನ್ನುವ ಮನೆಯಲ್ಲಿ ನಿಧಾನವಾಗಿ ಸುತ್ತಿದೆ, ಪೆನ್ಸಿಲಿನ ಪುಡಿ ಹೋಗಲೆಂದು ಒಂದು ಸಲ ಊದಿದೆ, ಮಡಚಿದೆ. ಪೆಟ್ಟಿಗೆಯೊಳಗೆ ಬಿಟ್ಟಾಗ ಸದ್ದೇ ಆಗಲಿಲ್ಲ. ಇಷ್ಟೇನಾ ಅನ್ನಿಸಿತು, ಆಮೇಲೆ ಕಣ್ಣು ತುಂಬಿ ಬಂತು. ಅಲ್ಲಿದ್ದ ಅಧಿಕಾರಿ ಬಹಳ ಮರ್ಯಾದೆಯಿಂದ ಬಾಗಿಲು ತೋರಿಸಿದ.

ಹೊರಗೆ ಮೆಟ್ಟಿಲ ಮೇಲೆ ನಿಂತೆ. ಇಂಥ ಮೆಟ್ಟಿಲುಗಳ ಬಳಿಯೇ ತಾನೆ ನಾನು ಸಾವಿರ ಸಲ ನಿಂತು, ಸುಮಿಮಾಸೆನ್, ನಿಮ್ಮ ಎರಡು ನಿಮಿಷ ಎಂದು ಕೇಳಿದ್ದು. ಇವತ್ತು ಯಾರಾದರೂ ನನ್ನನ್ನು ಕೇಳಲಿ ಎಂದು ಹತ್ತು ನಿಮಿಷ ಕಾದೆ. ಯಾರೂ ಇರಲಿಲ್ಲ. ಶಾಲೆಯ ಬೇಲಿಗೆ ಸಮೀಕ್ಷೆಯ ಒಂದು ಕಾಗದ ಕಟ್ಟಿದ್ದರು, ಅದರಲ್ಲಿ ಮೊಬೈಲು ಹಿಡಿದು ಉತ್ತರಿಸುವ ಚೌಕಗಳ ಗುರುತು, ಕ್ಯೂಆರ್ ಕೋಡು. ನಾನು ಮೊಬೈಲು ತಂದಿರಲಿಲ್ಲ.

ಮತದಾನ ಮುಗಿದು ಸ್ವಲ್ಪ ಹೊತ್ತಿಗೇ ಸುದ್ದಿ ಬಂತು. ಅರ್ಧಕ್ಕೆ ಕೊರತೆ ಬಿದ್ದಿತ್ತು. ನಮ್ಮ ಬೀದಿ ಮತ್ತು ಹಿಂದಿನ ಬೀದಿಯ ಮನೆಗಳಲ್ಲಿ ಉಳಿದವರು ಬಂದಿದ್ದರೆ ತುಂಬುವಷ್ಟು. ಮಾರನೆಯ ದಿನ ಪೌರ ಕಚೇರಿಗೆ ಹೋಗಿ, ಫಲಿತಾಂಶ ಎಂದು ಕರೆಯಬೇಡಿ, ಸುಮ್ಮನೆ ತೆರೆದು ಎಣಿಸಿ ಎಂದು ಬರೆದು ಕೊಟ್ಟೆ. ಪ್ಲಾಸ್ಟಿಕ್ ಪರದೆಯ ಆಚೆಯಿಂದ ಗುಮಾಸ್ತೆ ಎದ್ದು ನಿಂತು ಬಾಗಿದಳು. “ನಿಯಮದಲ್ಲಿ ಇಲ್ಲ, ದಯವಿಟ್ಟು ಕ್ಷಮಿಸಿ.” ಆಕೆಯ ತಪ್ಪೇನೂ ಇರಲಿಲ್ಲ. ಗಾಜಿನ ಆಚೆ ಕಾರಿಡಾರಿನಲ್ಲಿ ಪೆಟ್ಟಿಗೆಗಳನ್ನು ತಳ್ಳುಗಾಡಿಯ ಮೇಲೆ ಇಟ್ಟಿದ್ದರು. ಅದರಲ್ಲಿ ಯಾವುದರಲ್ಲೋ ನನ್ನದಿತ್ತು. ನನಗೆ ಟೋಪಿ ಇಲ್ಲ, ಕೈ ಮುಗಿದೆ.

ಕಿಶಿಮೊತೊ-ಸಾನ್‌ಗೆ ಫೋನು ಮಾಡಿ ಬೇಲಿಯ ಹತ್ತಿರ ನಡೆದದ್ದನ್ನು ಒಪ್ಪಿಕೊಂಡೆ. ಅವರ ಉಸಿರು ಕೇಳಿಸುತ್ತಿತ್ತು. ದನಿ ತಗ್ಗುತ್ತದೆ ಎಂದು ಕಾದೆ. ತಗ್ಗಲಿಲ್ಲ.

“ಸುಮಂಗಲಾ-ಸಾನ್, ಕತ್ತು ಹಿಡಿದುಕೊಳ್ಳಿ ಅಂತ ನಾನು ಕಲಿಸಿದೆ. ಕೆಲಸ ಬಿಟ್ಟ ದಿನ ಆ ನಿಯಮವನ್ನು ಕಚೇರಿಗೆ ವಾಪಸ್ ಕೊಟ್ಟು ಬನ್ನಿ ಅಂತ ಹೇಳಲು ಮರೆತೆ. ಸುಮಿಮಾಸೆನ್.”

ಅದು ಅವರ ಜೊತೆ ನನ್ನ ಕೊನೆಯ ಮಾತು. ಆ ಚಳಿಗಾಲದಲ್ಲಿ ಹೋದರು. ಪರದೆಯಲ್ಲೇ ಅಂತ್ಯಕ್ರಿಯೆ ನೋಡಿದೆ. ಈಗ ಅವರು ಪೇಪರ್ ಓದುವುದನ್ನು ಇನ್ನೊಂದು ಸಲ ಕೇಳಬೇಕು ಅನ್ನಿಸುತ್ತದೆ, ಹವಾಮಾನ ವರದಿಯಾದರೂ ಸರಿ.

ಚಳಿಗಾಲದ ಕೊನೆಗೆ ಕೆರೆಯ ನೀರು ಬಿಟ್ಟರು. ಪ್ರತಿ ವರ್ಷವೂ ಹೂಳು ತೆಗೆಯಲು ಬಿಡುತ್ತಿದ್ದರು, ಈ ಸಲ ಮತ್ತೆ ತುಂಬಿಸುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ತೂಬಿನ ಕೀಲಿ ಕೇಳಲು ಯಾರೂ ಒಕುನೊ-ಸಾನ್ ಮನೆಗೆ ಬರಲಿಲ್ಲ, ಪಂಪು ಹಾಕಿದ್ದರು. ಬೆಳಿಗ್ಗೆ ಅವರು ಆ ಕೀಲಿಯನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದು, ಏರಿಯ ಮೇಲೆ ಹೋಗೋಣವೇ ಎಂದು ನನ್ನನ್ನು ಕರೆದರು. ಬೆಂಚಿನ ಎರಡು ತುದಿಗೆ ಕೂತೆವು. ಕೆಳಗೆ ಕೆಸರು, ಅಲ್ಲಲ್ಲಿ ಉಳಿದ ನೀರಿನಲ್ಲಿ ಬಾತುಕೋಳಿಗಳು.

“ಆ ದಿನ ನಾನು ಹೋಗಲಿಲ್ಲ,” ಎಂದರು ಒಕುನೊ-ಸಾನ್.

“ಗೊತ್ತು. ನಾನು ನಿಮಗೆ ಒಂದು ವಿಷಯ ಹೇಳಬೇಕಿತ್ತು.” ಅರ್ಧದ ನಿಯಮವನ್ನು ಆಗ ಹೇಳಿದೆ.

ಅವರು ಕೇಳಿಸಿಕೊಂಡು, ಕೀಲಿಯನ್ನು ಬೆಂಚಿನ ಮೇಲೆ ಇಟ್ಟರು. ಆಮೇಲೆ ಚೀಲದಿಂದ ಮಡಚಿದ ಕಾಗದ ತೆಗೆದರು. ಮನೆಯಲ್ಲೇ ಇರಿ ಎಂದ ಅದೇ ಕರಪತ್ರ. ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಎರಡು ಮನೆ ಗೀಚಿದರು. ನನ್ನ ಕಡೆ ತಿರುಗಿ, ನೇರವಾಗಿ ಕೂತು, ತಲೆಬಾಗಿ ಕೇಳಿದರು.

“ಸುಮಿಮಾಸೆನ್, ನಿಮ್ಮ ಎರಡು ನಿಮಿಷ ತೆಗೆದುಕೊಳ್ಳಬಹುದೇ? ಹೆಸರು ಬರೆದುಕೊಳ್ಳುವುದಿಲ್ಲ. ಕೆರೆ ಮುಚ್ಚುವುದಕ್ಕೆ ನೀವು ಏನು ಹಾಕಿದಿರಿ?”

ನಾನು ನನ್ನ ಮನೆ ಬಾಗಿಲ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದ ಮಾತನ್ನು ಅವರು ಇಪ್ಪತ್ತು ವರ್ಷ ಪಕ್ಕದ ಮನೆಯಿಂದ ಕೇಳಿಸಿಕೊಂಡಿದ್ದರು. ಒಂದು ಅಕ್ಷರ ತಪ್ಪಿರಲಿಲ್ಲ.

“ಬೇಡ,” ಎಂದೆ. “ಬೇಡ ಅಂತ ಹಾಕಿದೆ, ಒಕುನೊ-ಸಾನ್.”

ಅವರು 'ಬೇಡ'ದ ಮನೆಯಲ್ಲಿ ಒಂದು ಸೊನ್ನೆ ಸುತ್ತಿ, “ಅರಿಗಾತೋ” ಎಂದು ಧನ್ಯವಾದ ಹೇಳಿದರು. ಆಮೇಲೆ ಪೆನ್ಸಿಲನ್ನು ಕೈಯಲ್ಲೇ ಹಿಡಿದು ಕೆಸರನ್ನು ನೋಡುತ್ತ ಕೂತರು. ಅವರು ಮತ್ತೆ ನನ್ನ ಮುಖ ನೋಡಿದರು, ಬೇಲಿಯ ಹತ್ತಿರ ನೋಡಿದ ಹಾಗೇ.

“ನೀವೂ ಬರೆಯಿರಿ,” ಎಂದೆ. ಮೂವತ್ತು ವರ್ಷದಲ್ಲಿ ಒಬ್ಬರಿಗೆ ನಾನು ಹಾಗೆ ಹೇಳಿದ್ದು ಅದೇ ಮೊದಲು. “ನಿಮ್ಮ ಮನಸ್ಸಿನಲ್ಲಿ ಇದ್ದದ್ದನ್ನು ಬರೆಯಿರಿ.”

ಅವರು ಬರೆದರು. ಆ ಕರಪತ್ರ ಈಗ ನನ್ನ ಮೇಜಿನ ಮೇಲಿದೆ. ನಮ್ಮೂರಿನ ಆ ಮತದಾನದಲ್ಲಿ ತೆರೆದು ಓದಿದ ಚೀಟಿ ಅದೊಂದೇ. ಬೇಕು, ಯಾರೂ ಇಲ್ಲ. ಬೇಡ, ಇಬ್ಬರು.